ಬಳೆ ಚಾಚಿಗೆ ನಾನು ಹೇಳದ ಮಾತು

ಅವರ ಎರಡೂ ಅಂಗೈಗಳ ತುಂಬ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳಿದ್ದವು. ನಲವತ್ತು ವರ್ಷ ಗಾಜಿನ ಬಳೆ ತೊಡಿಸಿದ ಕೈಗಳು. ಕೈಯಲ್ಲೇ ಒಡೆದ ಬಳೆಗಳು ಒಂದೊಂದು ಗೆರೆ ಕೊಯ್ದು ಹೋಗಿದ್ದವು. ಹಾಗೆಂದು ಒರಟು ಕೈಗಳಲ್ಲ. ಅವು ನಮ್ಮ ಕೈ ಹಿಡಿದು ಮೆಲ್ಲಗೆ ಹಿಸುಕಿದರೆ ಗೆಣ್ಣುಗಳು ತಾವಾಗಿ ಮಡಚಿಕೊಂಡು, ಎಂಥ ಬಿಗಿ ಬಳೆಯಾದರೂ ಸಲೀಸಾಗಿ ಮಣಿಕಟ್ಟಿಗೆ ಇಳಿಯುತ್ತಿತ್ತು.

ಆನೆಗೊಂದಿ, ಸಾಣಾಪುರದ ಸುತ್ತಲಿನ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮ್ ಎನ್ನದೆ ಎಲ್ಲರೂ ಅವರನ್ನು ಬಳೆ ಚಾಚಿ ಎಂದೇ ಕರೆಯುತ್ತಿದ್ದರು. ತಲೆಯ ಮೇಲೆ ಸೆರಗು, ಹೆಗಲಿಗೆ ಬಳೆಯ ಮಲಾರ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ನಾನು ಕುಷ್ಟಗಿ ಕಡೆಯ ಒಣನೆಲದವಳು. ಆನೆಗೊಂದಿ ಕಡೆಯ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದಾಗ ನನಗೆ ಇಪ್ಪತ್ತಮೂರು. ಕಾಲುವೆ ನೀರು, ಮೊಣಕಾಲುದ್ದ ಕೆಸರು, ಬಾಳೆ ತೋಟ ಎಲ್ಲವೂ ಹೊಸದು. ಕೆಲಸ ಮಾತ್ರ ನನಗೆ ಚೆನ್ನಾಗಿ ಗೊತ್ತು ಎಂಬ ಹಮ್ಮು ಇತ್ತು. ಬಸುರಿಯರಿಗೆ ರಕ್ತ ಹೆಚ್ಚಿಸುವ ಕೆಂಪು ಗುಳಿಗೆ ಕೊಡುತ್ತಿದ್ದೆ, ಕೊಟ್ಟಿದ್ದನ್ನು ವಹಿಯಲ್ಲಿ ದುಂಡಗೆ ಬರೆಯುತ್ತಿದ್ದೆ. ವಹಿ ನೋಡಿದ ಮೇಲಿನವರು ಶಭಾಷ್ ಅನ್ನುತ್ತಿದ್ದರು. ಬಸುರಿಯರ ಮುಖ ಮಾತ್ರ ಬಿಳಿಚಿಕೊಂಡೇ ಇರುತ್ತಿತ್ತು.

ಒಂದು ಮಧ್ಯಾಹ್ನ ಚಾಚಿ ಉಪಕೇಂದ್ರದ ಕಟ್ಟೆಯ ಮೇಲೆ ಮಲಾರ ಇಳಿಸಿ ಕೂತರು.

"ಏನ ನರ್ಸಮ್ಮಾ, ಭಾಳ ಗುಳಿಗಿ ಹಂಚೀಯಂತ. ಬಾ, ಅವು ಎಲ್ಲಿ ಅದಾವ ತೋರಸ್ತೀನಿ."

ಒಂದು ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಬಾಳೆಯ ಬುಡದಲ್ಲಿ, ತಿಪ್ಪೆಯ ಅಂಚಿನಲ್ಲಿ ನನ್ನ ಕೆಂಪು ಗುಳಿಗೆಗಳು ಬಣ್ಣ ಬಿಟ್ಟುಕೊಂಡು ಬಿದ್ದಿದ್ದವು.

"ನೀ ಕೊಟ್ಟಿದ್ದ ಬರಕೋತಿ. ನುಂಗ್ಯಾರೋ ಇಲ್ಲೋ ಯಾರ ಬರಕೋಬೇಕು?"

ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಓದು ಬರಹ ಇಲ್ಲದವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದುಬಿಟ್ಟೆ. ಚಾಚಿ ನಕ್ಕರು.

"ನನಗೂ ಒಂದಕ್ಷರ ಬರೂದಿಲ್ಲ ಬೇಟಿ. ನಾಳೆ ನನ್ನ ಕೂಡ ಚಾಪಿ ಮ್ಯಾಲ ಕುಂದ್ರು. ಬಾಯಿ ಮುಚ್ಚಿಕೊಂಡ ಕುಂದ್ರು."

ಕೂತೆ. ಅವತ್ತು ನಾನು ಕಂಡದ್ದನ್ನು ಯಾವ ತರಬೇತಿಯಲ್ಲೂ ಅದುವರೆಗೆ ಕಂಡಿರಲಿಲ್ಲ. ಕೈ ಸಡಿಲು ಬಿಡು ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ಹಾಗೆ ಹೇಳಿದರೆ ಹೆಂಗಸರು ಇನ್ನಷ್ಟು ಬಿಗಿ ಹಿಡಿಯುತ್ತಾರೆ. ಬದಲಿಗೆ "ನಿಮ್ಮವ್ವ ಹೆಂಗದಾಳ? ಈ ವರ್ಷ ತವರಿಗೆ ಹೋಗಿದ್ಯಾ?" ಎಂದು ಕೇಳುತ್ತಿದ್ದರು. ತವರಿನ ಮಾತು ಶುರುವಾದರೆ ಕೈ ತಾನೇ ಸಡಿಲಾಗುತ್ತಿತ್ತು, ಬಳೆ ಇಳಿಯುತ್ತಿತ್ತು, ಜೊತೆಗೆ ಮನೆಯ ಸುಖದುಃಖವೆಲ್ಲ ಹೊರಗೆ ಬರುತ್ತಿತ್ತು. ಕೊನೆಗೆ, ಕೈ ಬಿಡುವ ಮೊದಲು, ಹೆಬ್ಬೆರಳಿನ ಉಗುರನ್ನು ಒಮ್ಮೆ ಒತ್ತಿ ಬಿಡುತ್ತಿದ್ದರು. ಕೆಂಪು ಬೇಗ ತಿರುಗಿ ಬರದಿದ್ದರೆ ನನ್ನ ಕಡೆ ಒಂದು ನೋಟ. ಆಮೇಲೆ ನಾನು ಅದೇ ಹೆಂಗಸಿನ ಬೆರಳು ಚುಚ್ಚಿ ನೋಡಿದರೆ ಚಾಚಿಯ ಉಗುರಿನ ಲೆಕ್ಕ ತಪ್ಪಿದ್ದು ಅಪರೂಪ.

ಗುಳಿಗೆ ಯಾಕೆ ತಿಪ್ಪೆ ಸೇರುತ್ತಿತ್ತು ಎನ್ನುವುದೂ ಆ ಚಾಪೆಯ ಮೇಲೇ ತಿಳಿಯಿತು. ನುಂಗಿದ ಮರುದಿನ ಮಲ ಕಪ್ಪಗಾಗುತ್ತಿತ್ತು, ಹೊಟ್ಟೆಯೊಳಗಿನ ಕೂಸಿಗೆ ಏನೋ ಆಯಿತೆಂದು ಹುಡುಗಿಯರು ಹೆದರುತ್ತಿದ್ದರು. ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಅತ್ತೆಯರು ಬೇಡ ಎನ್ನುತ್ತಿದ್ದರು. ನಾನು ಸೊಸೆಯಂದಿರಿಗೆ ಬೋಧನೆ ಮಾಡುತ್ತಿದ್ದೆ. ಆ ಮನೆಗಳಲ್ಲಿ ಸೊಸೆಯಂದಿರ ಮಾತು ನಡೆಯುತ್ತಿರಲಿಲ್ಲ.

ಕುಬಸದ ದಿನ ಬಸುರಿಗೆ ಹಸಿರು ಬಳೆ ಇಡಿಸಲು ಎಲ್ಲರೂ ಚಾಚಿಯನ್ನೇ ಕರೆಯುತ್ತಿದ್ದರು. ಬಳೆ ತೊಡಿಸಿ ಮುಗಿದ ಮೇಲೆ ಅವರು ಗುಳಿಗೆಯ ಪೊಟ್ಟಣವನ್ನು ಎಲ್ಲರೆದುರು ಅತ್ತೆಯ ಕೈಗೆ ಕೊಡುತ್ತಿದ್ದರು.

"ಯಜಮಾನತಿ, ಇದು ನಿನ್ನ ಕೈಯಾಗಿರ್ಲಿ. ರಾತ್ರಿ ಉಂಡು ತಾಟು ಎತ್ತೂ ಮುಂದ ನೀನೇ ಒಂದ ಕೊಡು. ಎರಡ ದಿನದಾಗ ಕಪ್ಪ ಆಕ್ಕೈತಿ ನೋಡು. ಕಪ್ಪ ಆತಂದ್ರ ಗುಳಿಗಿ ಕೆಲಸಾ ಮಾಡಾಕತ್ತೈತಿ ಅಂತ ತಿಳಕೋ. ಕಪ್ಪ ಆಗಲಿಲ್ಲಂದ್ರ ಸೊಸಿ ನಿನಗ ಮೋಸಾ ಮಾಡಾಕತ್ಯಾಳ, ನನಗ ಹೇಳಿ ಕಳಿಸು."

ನೆರೆದವರೆಲ್ಲ ನಗುತ್ತಿದ್ದರು. ಆದರೆ ಆ ಅತ್ತೆ ಮರುದಿನದಿಂದ ಗುಳಿಗೆಯ ಕಾವಲಿಗೆ ನಿಲ್ಲುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ನಮ್ಮ ಹಿತ್ತಲುಗಳಲ್ಲಿ ಕೆಂಪು ಗುಳಿಗೆ ಕಾಣಿಸುವುದು ನಿಂತಿತು. ಮೇಲಿನವರ ಶಭಾಷ್‌ಗಿರಿ ಮಾಮೂಲಿನಂತೆ ನನಗೇ ಬಂತು.

ನನ್ನನ್ನು ಚಾಚಿ ಬಿಡುತ್ತಿರಲಿಲ್ಲ. "ಏನ ಬೇಟಿ, ಒಂದ ಕೈಗೆ ಗಡಿಯಾರ, ಒಂದ ಕೈ ಬೋಳು. ಪೇಷಂಟ್ ಯಾರು, ನರ್ಸ್ ಯಾರು ತಿಳಿಯೂದಿಲ್ಲ" ಎಂದು ಕಾಡಿ ಬಳೆ ತೊಡಿಸುತ್ತಿದ್ದರು. ಚುಚ್ಚುಮದ್ದು ಹಾಕುವಾಗ ಬಳೆ ಅಡ್ಡ ಬರುತ್ತವೆಂದರೆ ಕಿವುಡರಾಗುತ್ತಿದ್ದರು. ತಾಯಿಯಿಂದ ದೂರವಿದ್ದ ನನಗೆ ಆ ಕಾಟವೇ ಬೇಕಾಗಿತ್ತು.

ಅವರಿಗೆ ಒಬ್ಬಳೇ ಮಗಳು. ಯಲಬುರ್ಗಾಕ್ಕೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ಎಂಟು ತಿಂಗಳು ತುಂಬಿದಾಗ ತವರಿಗೆ ಬಂದಳು. ರಂಜಾನ್ ಹಬ್ಬಕ್ಕೆ ಎರಡು ದಿನವಿತ್ತು. ನಾನು ಅವಳ ತಾಯಿ ಕಾರ್ಡ್ ನೋಡಿ ರಕ್ತ ಪರೀಕ್ಷೆ ಮಾಡಲು ಹೋದಾಗ ಅವಳು ಗೋಡೆಗೆ ಒರಗಿ ಕೈಗಳನ್ನು ಮುಂದೆ ಚಾಚಿಕೊಂಡು ಕೂತಿದ್ದಳು. ಚಾಚಿ ಹಿತ್ತಲಿನ ಗಿಡದ ಎಲೆ ಅರೆದು ಮಗಳ ಹತ್ತೂ ಬೆರಳ ತುದಿಗೆ ಟೊಪ್ಪಿಗೆಯಂತೆ ಮೆಹಂದಿ ಹಚ್ಚಿದ್ದರು. ಚುಚ್ಚಲು ಬೆರಳೇ ಸಿಗುವಂತಿರಲಿಲ್ಲ.

"ಸ್ವಲ್ಪ ಒಣಗ್ಲಿ ಬೇಟಿ. ಸಂಜಿಗೆ ಬಾ, ಇಲ್ಲ ನಾಳೆ ಬಾ" ಎಂದರು.

"ಬಳೆ ಚಾಚಿ ಮಗಳಿಗೆ ನಾ ಏನ ನೋಡ್ಲಿರಿ? ಗುಳಿಗಿ ತಗೋತಿಯಲ್ಲವಾ?" ಎಂದು ಮಗಳನ್ನು ಕೇಳಿದೆ. ಅವಳು ತಲೆಯಾಡಿಸಿದಳು. ಶರಬತ್ತು ಕುಡಿದೆ, ನಾಳೆ ಬರುತ್ತೇನೆಂದು ಹೇಳಿ ಎದ್ದೆ. ಅವತ್ತು ತಿಂಗಳ ವರದಿ ಕಳಿಸುವ ಕೊನೆಯ ದಿನ. ಬಾಗಿಲ ಹೊರಗೆ ನಿಂತು ಅವಳ ಕಾರ್ಡಿನಲ್ಲಿ ರಕ್ತದ ಅಂಶ ಬರೆಯುವ ಖಾಲಿ ಖಾನೆಯಲ್ಲಿ ಹತ್ತೂವರೆ ಎಂದು ಬರೆದೆ. ಅಪಾಯವಿಲ್ಲ ಎನ್ನುವ ಅಂಕಿ ಅದು. ನಾಳೆ ಹೇಗೂ ಬರುತ್ತೇನಲ್ಲ, ಬಂದು ತಿದ್ದಿದರಾಯಿತು ಎಂದುಕೊಂಡೆ. ಒಳಗೆ ಹೋಗಿ ಕಾರ್ಡನ್ನು ಚಾಚಿಯ ಕೈಗೆ ಕೊಟ್ಟೆ. ಓದಲು ಬಾರದ ಅವರು ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟರು.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನ ಹಬ್ಬ. ಆಮೇಲೆ ಏನೇನೋ ಕೆಲಸ. ನಾಳೆ ನಾಳೆ ಅನ್ನುತ್ತ ಎರಡು ವಾರ ಕಳೆದವು. ಆ ಎರಡೂ ವಾರ ಚಾಚಿ ದಿನಾ ಮಗಳ ಕೈ ಹಿಡಿಯುತ್ತಿದ್ದರು, ಉಗುರು ಒತ್ತುತ್ತಿದ್ದರು. ಮೆಹಂದಿಯ ಉಗುರು ಒತ್ತಿದರೂ ಕೆಂಪು, ಬಿಟ್ಟರೂ ಕೆಂಪು.

ದಿನ ತುಂಬುವ ಮೊದಲೇ ನೋವು ಬಂತು. ಹತ್ತಿರದ ಸಣ್ಣ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನವರು ಕಾರ್ಡ್ ನೋಡಿದರು, ರಕ್ತ ಸರಿಯಿದೆ, ಇಲ್ಲೇ ಆಗಲಿ ಎಂದು ಇಟ್ಟುಕೊಂಡರು. ನನ್ನ ಹತ್ತೂವರೆ ಅಲ್ಲಿ ಇರದಿದ್ದರೆ ಅವರೇ ಪರೀಕ್ಷೆ ಮಾಡಿ ಅವಳನ್ನು ನೇರ ಗಂಗಾವತಿಗೆ, ರಕ್ತ ಸಿಗುವ ಆಸ್ಪತ್ರೆಗೆ ಕಳಿಸುತ್ತಿದ್ದರು. ಹೆಣ್ಣು ಕೂಸು ಹುಟ್ಟಿ ಅತ್ತಿತು. ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಬೇರೆಯವರಾಗಿದ್ದರೆ ತಡೆದುಕೊಳ್ಳಬಹುದಾಗಿದ್ದಷ್ಟು ರಕ್ತ. ಅವಳ ಮೈಯಲ್ಲಿ ಮೊದಲೇ ಇರಲಿಲ್ಲ. ಗಂಗಾವತಿ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಚಾಚಿಯ ತೊಡೆಯ ಮೇಲೆ ಹೋದಳು. ಆಮೇಲೆ ಅವಳ ಸೂಟ್‌ಕೇಸಿನಲ್ಲಿ ಗುಳಿಗೆಯ ಪೊಟ್ಟಣಗಳು ಸಿಕ್ಕವು, ಒಂದೂ ಒಡೆದಿರಲಿಲ್ಲ. ಯಲಬುರ್ಗಾದಲ್ಲಿ ಅವಳ ಅತ್ತೆಯ ಕೈಗೆ ಗುಳಿಗೆ ಕೊಡುವ ಬಳೆ ಚಾಚಿ ಯಾರೂ ಇರಲಿಲ್ಲ.

ವಿಚಾರಣೆಗೆ ಬಂದವರು ಕಾರ್ಡ್ ನೋಡಿದರು, ಅಂಕಿ ಸರಿಯಾಗಿತ್ತು. ನನ್ನ ಮೇಲೆ ಏನೂ ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಒಂದು ಕೂಸು ಹಾಲಿಗೆ ಅಳುತ್ತಿದ್ದ ಮನೆಯಲ್ಲಿ ಕೂತು ನಾನು ನನ್ನ ನೌಕರಿಯ ಚಿಂತೆ ಮಾಡುತ್ತಿದ್ದೆ. ಇದನ್ನು ಮೆತ್ತಗೆ ಮಾಡಿ ಬರೆಯಲು ನನಗೆ ಮನಸ್ಸಿಲ್ಲ.

ಚಾಚಿ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. "ನಾ ಮೆಹಂದಿ ಹಚ್ಚಿದ್ದಕ್ಕ ನಿನಗ ಬೆರಳ ಸಿಗಲಿಲ್ಲ ಬೇಟಿ, ನನಗ ಉಗುರ ಕಾಣಲಿಲ್ಲ. ಊರ ಮಂದಿ ಕೈಯೆಲ್ಲಾ ನೋಡ್ದೆ, ನನ್ನ ಮಗಳ ಕೈ ಮುಚ್ಚಿದೆ." ನನ್ನನ್ನು ತಬ್ಬಿಕೊಂಡು ಹಾಗೆ ಅತ್ತರು. ನಾಳೆ ಬಾ ಎಂದು ತಾವು ಹೇಳಿದ್ದು, ನಾನು ಬರದೇ ಇದ್ದದ್ದು ಅವರಿಗೆ ನೆನಪಿರಲಿಲ್ಲವೋ, ನೆನಪಿದ್ದೂ ನನ್ನನ್ನು ಬಿಟ್ಟುಬಿಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾರ್ಡಿನ ಅಂಕಿಯಂತೂ ಅವರಿಗೆ ಗೊತ್ತೇ ಇರಲಿಲ್ಲ.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಮುಗಿದ ಮೇಲೆ ಹಿತ್ತಲಿನ ಮೆಹಂದಿ ಗಿಡವನ್ನು ಬುಡಸಮೇತ ಕಡಿಸಿದರು. ಮತ್ತೆ ಮಲಾರ ಹೊತ್ತರು, ಕೂಸು ಸಾಕಬೇಕಿತ್ತಲ್ಲ. ಆದರೆ ಚಾಪೆಯ ಮೇಲೆ ಮೊದಲಿನ ನಗೆ ಇರಲಿಲ್ಲ. ಬಳೆ ತೊಡಿಸಿದ ಮೇಲೆ ಪ್ರತಿಯೊಬ್ಬಳ ಗಲ್ಲ ಹಿಡಿದು, ಕೆಳಗಿನ ರೆಪ್ಪೆ ಇಳಿಸಿ ಒಳಗಿನ ಕೆಂಪು ನೋಡುತ್ತಿದ್ದರು. "ಉಗುರ ನಂಬಾಕ ಬರೂದಿಲ್ಲವ್ವಾ" ಅನ್ನುತ್ತಿದ್ದರು. ಕೆಂಪು ಕಾಣದಿದ್ದರೆ ಆ ಹೆಂಗಸಿನ ಕೈ ಹಿಡಿದು ತಾವೇ ನನ್ನ ಉಪಕೇಂದ್ರದವರೆಗೆ ನಡೆದುಕೊಂಡು ಬರುತ್ತಿದ್ದರು. "ಈಕಿ ಬೆರಳ ಚುಚ್ಚು ಬೇಟಿ, ನನ್ನ ಮುಂದ ಚುಚ್ಚು." ಅವರು ನೋಡುತ್ತಿರುವಾಗಲೇ ಚುಚ್ಚಿ, ಬಂದ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿ ಬರೆಯುತ್ತಿದ್ದೆ.

ಹದಿಮೂರು ವರ್ಷ ಹೀಗೆ ನಡೆಯಿತು. ಹೋದ ವರ್ಷ ಕೊಪ್ಪಳದಲ್ಲಿ ನಮಗೊಂದು ತರಬೇತಿ ಇತ್ತು. ಆರೋಗ್ಯ ಸೇವೆಯಲ್ಲಿ ವರ್ತನಾ ವಿಜ್ಞಾನ ಎಂಬ ವಿಷಯ. ಕಲಿಸಲು ಬಂದವರು ಚಿಕ್ಕ ವಯಸ್ಸಿನವರು, ಚೆನ್ನಾಗಿ ಹೇಳುತ್ತಿದ್ದರು. ಹೊಸ ಅಭ್ಯಾಸವನ್ನು ದಿನವೂ ಮಾಡುವ ಹಳೆಯ ಕೆಲಸಕ್ಕೆ ಗಂಟು ಹಾಕಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರ ಕೈಯಿಂದ ಕೊಡಿಸಿ. ಆಗುವ ತೊಂದರೆಯನ್ನು ಮೊದಲೇ ಹೇಳಿ, ಅದನ್ನೇ ಒಳ್ಳೆಯ ಗುರುತಾಗಿ ಮಾಡಿ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನು ಬರೆದುಕೊಳ್ಳಲಿಲ್ಲ. ಅದೆಲ್ಲ ನನಗೆ ಒಂದು ಚಾಪೆಯ ಮೇಲೆ ಕೂತಾಗಲೇ ಬಂದಿತ್ತು.

ಮಧ್ಯಾಹ್ನದ ಮೇಲೆ ಕಲಿಸುವವರು ಕೇಳಿದರು: "ಜನರ ವರ್ತನೆ ಆಯ್ತು, ಇನ್ನು ನಮ್ಮ ವರ್ತನೆ? ಎಲ್ಲ ಸರಿ ಇರುತ್ತದೆ ಅಂತ ನಂಬಿದ ಕಡೆ ನಾವು ಪರೀಕ್ಷೆ ಮಾಡುವುದಿಲ್ಲ, ಖಾನೆ ಮಾತ್ರ ತುಂಬುತ್ತೇವೆ. ನಿಮ್ಮಲ್ಲಿ ಯಾರಿಗಾದರೂ ಹಾಗೆ ಆಗಿದೆಯಾ?" ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದೆ.

ಅವತ್ತೇ ನಿರ್ಧಾರ ಮಾಡಿದೆ, ಚಾಚಿಗೆ ಹೇಳಬೇಕು. ಬೈಯಲಿ, ಹೊಡೆಯಲಿ, ಊರಿಗೆಲ್ಲ ಹೇಳಲಿ. ಆ ವಾರವೇ ಹೋದೆ. ಚಾಚಿ ಹಾಸಿಗೆ ಹಿಡಿದಿದ್ದರು. ಎದೆಯ ರೋಗ, ಎರಡು ಮಾತಾಡಿದರೆ ಉಬ್ಬಸ. ನನ್ನ ಕೈ ಹಿಡಿದುಕೊಂಡರು. ಹಿಸುಕಲು ಬಲವಿರಲಿಲ್ಲ.

"ನಾಳೆ ಅಲ್ಲಿ ಹೋದ ಮ್ಯಾಲ ಆಕಿ ಕೇಳ್ತಾಳ ಬೇಟಿ. ಅಮ್ಮೀ, ಯಾಕ ಹಚ್ಚಿದಿ ಅಂತ. ನಾ ಏನ ಹೇಳ್ಲಿ?"

ಹೇಳಲು ಇದಕ್ಕಿಂತ ಸರಿಯಾದ ಗಳಿಗೆ ಇನ್ನೊಂದಿರಲಿಲ್ಲ. ಆದರೆ ನಾನು ಹೇಳಿದ್ದು, "ಹಂಗ ಅನಬ್ಯಾಡ್ರಿ ಚಾಚಿ. ಎಲ್ಲಾ ಅಲ್ಲಾಹನ ಮರ್ಜಿ."

ನನ್ನ ಕೆಲಸವನ್ನು ದೇವರ ಮೇಲೆ ಹಾಕಿ ಬಂದೆ. ಮುಂದಿನ ಶುಕ್ರವಾರ ಚಾಚಿ ತೀರಿಕೊಂಡರು. ಸುತ್ತಲಿನ ಹಳ್ಳಿಗಳ ಹೆಂಗಸರೆಲ್ಲ ಗದ್ದೆಯ ಕೆಸರು ತೊಳೆಯದೆ ಓಡಿ ಬಂದಿದ್ದರು. ಅವರ ಕೈತುಂಬ ಚಾಚಿ ತೊಡಿಸಿದ ಬಳೆಗಳಿದ್ದವು. ಅವರಲ್ಲಿ ಎಷ್ಟು ಜನ ಇವತ್ತು ಬದುಕಿ ನಿಂತದ್ದು ಆ ಕೈಗಳಿಂದ ಎಂದು ನನಗೆ ಗೊತ್ತಿತ್ತು. ಎಲ್ಲರಿಗಿಂತ ಜೋರಾಗಿ ಅತ್ತವಳು ನಾನೇ. ನರ್ಸಮ್ಮನಿಗೆ ಎಷ್ಟು ಪ್ರೀತಿ ಎಂದು ಜನ ಅಂದುಕೊಂಡರು.

ಹೋದ ತಿಂಗಳು ಮತ್ತೆ ಆ ಮನೆಗೆ ಹೋಗಿದ್ದೆ. ಚಾಚಿಯ ಮೊಮ್ಮಗಳು ಈಗ ಹೈಸ್ಕೂಲು ಓದುತ್ತಾಳೆ, ಚಾಚಿಯ ತಮ್ಮನ ಸಂಸಾರ ಅವಳನ್ನು ನೋಡಿಕೊಳ್ಳುತ್ತಿದೆ. ಚಹಾ ಕೊಟ್ಟು ಎದುರಿಗೆ ಕೂತು ಕೇಳಿದಳು.

"ಸಿಸ್ಟರ್, ನಾನಿ ನನಗ ಒಮ್ಮಿನೂ ಮೆಹಂದಿ ಹಚ್ಚಗೊಡ್ಲಿಲ್ರಿ. ನಮ್ಮ ಅಮ್ಮಿ ಮೆಹಂದಿಯಿಂದನ ಸತ್ಲಂತ ಹೇಳ್ತಿದ್ಲು. ಖರೇನ ಏನ್ರಿ ಅದು?"

ಅವಳ ಮುಖದಲ್ಲಿ ಹಬ್ಬಕ್ಕೆ ಮುಂಚಿನ ಆ ದಿನ ಗೋಡೆಗೆ ಒರಗಿ ಕೂತವಳ ಕಣ್ಣುಗಳಿದ್ದವು. ಈ ಸಲ ನಾನು ಯಾರ ಮೇಲೂ ಹಾಕಲಿಲ್ಲ. ಶರಬತ್ತು ಕುಡಿದು ಎದ್ದದ್ದು, ಬಾಗಿಲ ಹೊರಗೆ ನಿಂತು ಅಂಕಿ ಬರೆದದ್ದು, ಮರುದಿನ ಬರದೇ ಹೋದದ್ದು, ಎಲ್ಲವನ್ನೂ ಹೇಳಿದೆ. ಹುಡುಗಿ ಅಳಲಿಲ್ಲ, ನೆಲ ನೋಡುತ್ತ ಕೇಳಿಸಿಕೊಂಡಳು.

"ಇದು ನಾನಿಗೆ ಗೊತ್ತಿತ್ತೇನ್ರಿ?"

"ಇಲ್ಲವಾ."

ಅವಳು ನನ್ನ ಚಹಾದ ಕಪ್ಪು ಎತ್ತಿಕೊಂಡು ಎದ್ದಳು. ಒಳಬಾಗಿಲ ಹತ್ತಿರ ಹೋಗಿ ನಿಂತು, ತಿರುಗದೆಯೇ ಹೇಳಿದಳು:

"ಹೇಳಬೇಕಿತ್ರಿ ಸಿಸ್ಟರ್. ಆಕಿ ನಿಮಗ ಬೈತಿರಲಿಲ್ಲ. ತನಗ ತಾನು ಬೈಕೊಳ್ಳೂದಾದ್ರೂ ಬಿಡ್ತಿದ್ಲು."