ಬಾವಿ ಹತ್ತಿರ ಅಪ್ಪ ಕೇಳಿದ್ದು

ಆಗ ನನಗೆ ಹದಿನೇಳು. ಅರವತ್ತು ವರ್ಷದ ಮೇಲಾಯಿತು.

ಬನವಾಸಿ ಕಡೆಯ ತವರಿನಲ್ಲಿ ನನ್ನ ಬಾಯಿ ಊರಿಗೇ ಗೊತ್ತಿತ್ತು. ಬುತ್ತಿ ಒಯ್ದು ಬದುವಿನ ಮೇಲೆ ನಿಂತು "ಅಪ್ಪಾ, ಉಣ್ಣಾಕ ಬಾ" ಅಂತ ಕೂಗಿದರೆ ಆಚೆ ಗದ್ದೆಯವರೂ ನೇಗಿಲು ಬಿಡುತ್ತಿದ್ದರು. ಅಪ್ಪ ನಗುತ್ತಿದ್ದ. "ನಿನ್ನ ಕಟ್ಟಿಕೊಂಡವನ ಕಿವಿ ಉಳಿಯಂಗಿಲ್ಲ ಬಿಡು."

ಎಕ್ಕಂಬಿ ಹತ್ತಿರದ ಊರಿಗೆ ನನ್ನ ಕೊಟ್ಟರು. ಗಾಡಿ ಹತ್ತಿಸುವಾಗ ಅದೇ ಅಪ್ಪ, "ಅಲ್ಲಿ ಬಾಯಿ ಮುಚ್ಚಿಕೊಂಡಿರವ್ವಾ, ನನ್ನ ಮಾನ ಕಾಯಿ" ಅಂದ. ಕಾಯ್ದೆ. ಅತ್ತೆ ಕೇಳಿದರೆ ಹೂಂ, ಮಾವ ಬಂದರೆ ಬಾಗಿಲ ಸಂದಿ. ಗಂಡನ ಹತ್ತಿರ ಪಿಸುಮಾತು. ಪೂರಾ ಮಾತು ಎಮ್ಮೆ ಜೊತೆ ಮಾತ್ರ, ಅದೂ ಹಾಲು ಹಿಂಡುವಾಗ, ಮೆಲ್ಲಗೆ.

ವರ್ಷ ತುಂಬಿದ ಮೇಲೆ ಬೇಸಿಗೆಯಲ್ಲಿ ಅಪ್ಪ ನಡೆದು ಬಂದ. ಮಗಳಿಗೆ ಕೂಸು ಆಗುವ ತನಕ ಬೀಗರ ಮನೆಯಲ್ಲಿ ಹನಿ ನೀರೂ ಮುಟ್ಟಬಾರದು, ನಮ್ಮ ಮನೆತನದ ಪದ್ಧತಿ. ಒಣ ಬಾಯಲ್ಲೇ ಕಟ್ಟೆ ಮೇಲೆ ಕುಂತ. ನಾನು ಬಾಗಿಲ ಹಿಂದೆ.

"ನಿಮ್ಮ ಮಗಳಿಗೆ ಬಾಯೇ ಇಲ್ಲ ನೋಡ್ರಿ ಬೀಗರೇ" ಅಂದರು ಅತ್ತೆ.

"ಹೌದಾ? ಹಂಗಾರ ಬ್ಯಾರೆ ಯಾರದೋ ಮಗಳನ್ನ ತಂದೀರಿ" ಅಂದ ಅಪ್ಪ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಹೊರಟಾಗ ಕೊಡ ಹಿಡಿದು ಊರ ಬಾವಿ ತನಕ ಹಿಂದೆ ಹೋದೆ. ಊರ ಬಾವಿ ನೀರಿಗೆ ದೋಷವಿಲ್ಲ. ಸೇದಿ ಬೊಗಸೆಗೆ ಹಾಕಿದೆ. ಅತ್ತೆ ಜೊತೆಗೆ ಕಳಿಸಿದ್ದ ನಾದಿನಿ ಎರಡು ಹೆಜ್ಜೆ ಆಚೆ ನಿಂತಿದ್ದಳು. ಅಪ್ಪ ಕುಡಿದು, ಬಾಯಿ ಒರೆಸಿಕೊಂಡು ಕೇಳಿದ, "ನನ್ನ ಮ್ಯಾಲೆ ಸಿಟ್ಟೇನವ್ವಾ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಸೆರಗು ಮೂಗಿನ ತನಕ ಇತ್ತು. ಅವನಿಗೆ ಕಂಡಿತೋ ಇಲ್ಲವೋ. "ಇಲ್ಲಪ್ಪಾ" ಅಂದಿದ್ದರೆ ನಾದಿನಿಯ ಗಂಟೇನು ಹೋಗುತ್ತಿತ್ತು? ಅನ್ನಲಿಲ್ಲ. ಅಪ್ಪ ಹೋದ.

ಮಳೆ ಹಿಡಿಯುವ ಹೊತ್ತಿಗೆ ಜ್ವರ ಬಂದು ಸತ್ತ. ನಾವು ಮುಟ್ಟುವುದರೊಳಗೆ ಮಣ್ಣು ಮಾಡಿದ್ದರು. ಅವ್ವ ನನ್ನ ಕೈ ಸಹ ಹಿಡಿಯಲಿಲ್ಲ.

"ಕಡೀ ತನಕ ಕೇಳಿದನಲ್ಲೇ, ಕೂಸಿಗೆ ನನ್ನ ಮ್ಯಾಲೆ ಯಾಕ ಸಿಟ್ಟು ಅಂತ. ನಾ ಏನಂತ ಹೇಳಲಿ?"

ಅಲ್ಲೂ ನನ್ನ ಬಾಯಿ ಏಳಲಿಲ್ಲ. ಅತ್ತೆ ಪಕ್ಕದಲ್ಲೇ ಕುಂತಿದ್ದರು.

ಮೂರು ದಿನಕ್ಕೆ ತಿರುಗಿ ಕರೆತಂದರು. ಮರುದಿನ ಬೆಳಿಗ್ಗೆ ಎಮ್ಮೆ ಹಿಂಡುತ್ತಿದ್ದೆ. ಒಳಗಿನಿಂದ ಅತ್ತೆ ಕರೆದರು. "ಬಂದೇ" ಅಂದೆ. ಬದುವಿನ ಮೇಲೆ ನಿಂತು ಕೂಗುತ್ತಿದ್ದೆನಲ್ಲ, ಆ ದನಿ. ಎಮ್ಮೆ ಬೆದರಿ ಚೊಂಬು ಒದೆಯಿತು. ನಾದಿನಿ ಓಡಿ ಬಂದಳು. ಚೆಲ್ಲಿದ ಹಾಲಿನ ಮೇಲೆ ಬೂದಿ ಹಾಕಿ, ಉಳಿದದ್ದು ಹಿಂಡಿದೆ.