ಅಂಗಡಿ ಒಂದು, ಎರಡು, ಮೂರು

ಅರ್ಥಶಾಸ್ತ್ರದ ಎಂ.ಎ. ಓದುವಾಗ ನನಗೆ ಹುಚ್ಚು ಹಿಡಿಸಿದ್ದು ಮಾರುಕಟ್ಟೆ ಪೈಪೋಟಿಯ ಪತ್ರಿಕೆ. ವ್ಯಾಪಾರಿಗಳು ಒಳಗೊಳಗೇ ಒಂದಾಗಿ ದರ ಕಟ್ಟುವುದು ಹೇಗೆ, ಅವರಲ್ಲೇ ಒಬ್ಬ ಕದ್ದುಮುಚ್ಚಿ ಮಾತು ಮುರಿಯುವುದು ಹೇಗೆ ಎಂದು ಮೇಷ್ಟ್ರು ಹೇಳುತ್ತಿದ್ದರೆ ಪತ್ತೇದಾರಿ ಕಥೆ ಕೇಳಿದಷ್ಟು ಖುಷಿಯಾಗುತ್ತಿತ್ತು. ಕಿರುಪ್ರಬಂಧಕ್ಕೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ತೆಗೆದುಕೋ ಎಂದರು. ನಾನು ಒಪ್ಪಲಿಲ್ಲ. ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವವಳು ನಾನು. ಮನೆಯಲ್ಲೇ ಮಗ್ಗ ಇರುವಾಗ ಮಿಲ್ಲಿನ ಬಾಗಿಲು ಯಾಕೆ ಕಾಯಲಿ? ರೇಷ್ಮೆ ಸೀರೆಯ ವಿಚಾರದಲ್ಲಿ ನನಗೆ ಗೊತ್ತಿಲ್ಲದ್ದೇನಿದೆ ಎಂಬ ಸೊಕ್ಕು ಬೇರೆ.

ನಮ್ಮ ಬೀದಿಯ ಮಗ್ಗಗಳಿಗೆ ರೇಷ್ಮೆ, ಜರಿ ಕೊಟ್ಟು ನೇಯಿಸುತ್ತಿದ್ದವರು ಮೂವರು ಸಾಹುಕಾರರು. ಸೀರೆಗೆ ಇಷ್ಟು ಕೂಲಿ ಎಂದು ಮೂವರೂ ಕೂತು ಮಾತಾಡಿ ಒಂದೇ ಮಾಡಿಕೊಂಡಿದ್ದರು. ಆದರೆ ಅವ್ವನ ಕೈಕೆಲಸವನ್ನು ಬಿಟ್ಟುಕೊಡಲು ಅವಳ ಸಾಹುಕಾರನಿಗೆ ಮನಸ್ಸಿರಲಿಲ್ಲ. ಕೂಲಿ ಕೊಟ್ಟ ಮೇಲೆ, ರೂಢಿಯಂತೆ ಕೊಡುವ ರವಿಕೆ ಕಣದ ಮಡಿಕೆಯಲ್ಲಿ ಇನ್ನೊಂದಿಷ್ಟು ನೋಟು ಇಟ್ಟು, "ಅರಿಶಿನ ಕುಂಕುಮಕ್ಕೆ ಇರ್ಲಿ ಕಣಮ್ಮ" ಅನ್ನುತ್ತಿದ್ದ. ಅದು ಕೂಲಿಯಲ್ಲ, ಹಾಗಾಗಿ ಮಾತು ಮುರಿದಂತೆಯೂ ಅಲ್ಲ. ಮನೆಯ ಗ್ಯಾಸು, ನನ್ನ ಪರೀಕ್ಷೆಯ ಶುಲ್ಕ ಎಲ್ಲ ಅದರಲ್ಲೇ ನಡೆಯುತ್ತಿತ್ತು.

ಮೂರೂ ಅಂಗಡಿಯವರು ಕೊಡುವ ಕೂಲಿಯನ್ನು ನಾನು ಪಟ್ಟಿ ಮಾಡಿದೆ. ಅವ್ವನ ಸಾಹುಕಾರನ ಸಾಲಿನಲ್ಲಿ ಕೂಲಿಗೆ ಅರಿಶಿನ ಕುಂಕುಮವನ್ನೂ ಸೇರಿಸಿದೆ. ಸತ್ಯ ಬರೆಯಬೇಕಲ್ಲ, ದೊಡ್ಡ ಸಂಶೋಧಕಿ! ಹೆಸರು ಹಾಕದೆ ಅಂಗಡಿ ಒಂದು, ಎರಡು, ಮೂರು ಎಂದು ಬರೆದು ಬಹಳ ಜಾಣತನ ಮಾಡಿದೆ ಅಂದುಕೊಂಡೆ. ಅಂಕಿ ಸರಿಯಿದೆಯೇ ನೋಡಿಸಲು ಮೂವರಲ್ಲಿ ಹಿರಿಯನಾದ ಸಾಹುಕಾರನ ಅಂಗಡಿಗೆ ಹೋದೆ.

"ರಾಮ್ಮಾ, ಕೂರ್ಚೋ" ಎಂದು ತೆಲುಗಿನಲ್ಲೇ ಒಳಗೆ ಕರೆದು ಕೂರಿಸಿ, ಚಹಾ ತರಿಸಿದ. ಕನ್ನಡಕ ಏರಿಸಿ ಪಟ್ಟಿ ನೋಡಿದವನ ಬೆರಳು ಮೊದಲ ಸಾಲಿನಲ್ಲೇ ನಿಂತಿತು.

"ಇದು ಯಾರ್ದಮ್ಮ?"

"ಹೇಳಂಗಿಲ್ರಿ. ಗುಟ್ಟು."

"ನಂದು ಎರಡನೇದು. ಮೂರನೇದೂ ನನ್ನಷ್ಟೇ ಐತೆ, ಅದು ನನ್ನ ತಮ್ಮಂದು. ಇನ್ನುಳಿದೋನು ಯಾರು?" ಎಂದು ನಕ್ಕ. ಮೊಬೈಲ್ ತೆಗೆದು ಪಟ್ಟಿಯ ಫೋಟೋ ಹೊಡೆದುಕೊಂಡ.

"ಫೋಟೋ ಬ್ಯಾಡ್ರಿ..."

"ನಿಧಾನಕ್ಕೆ ಓದ್ಕಂತೀನಮ್ಮ."

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಅವ್ವ ಸೀರೆ ಒಪ್ಪಿಸಲು ಇನ್ನೂ ಮೂರು ದಿನವಿತ್ತು. ಆ ಮೂರು ದಿನವೂ ಹೇಳಿಬಿಡಬೇಕು ಎಂದು ಮಗ್ಗದ ಪಕ್ಕ ಹೋಗಿ ನಿಲ್ಲುತ್ತಿದ್ದೆ, ಬಾಯಿ ಬರುತ್ತಿರಲಿಲ್ಲ. "ಏನೇ, ಹಸಿವಾ?" ಅನ್ನುತ್ತಿದ್ದಳು. ಹೂಂ ಅನ್ನುತ್ತಿದ್ದೆ. ಕೊನೆಗೆ ಅವಳ ಜೊತೆ ಅಂಗಡಿಗೂ ಹೋದೆ, ಏನೂ ಆಗಿರಲಿಕ್ಕಿಲ್ಲ ಎಂಬ ಆಸೆಯಿಂದ.

ಅವ್ವನ ಸಾಹುಕಾರ ಸೀರೆ ಬಿಡಿಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿದ. ಕೂಲಿ ಕೊಟ್ಟ, ರವಿಕೆ ಕಣ ಕೊಟ್ಟ. ಅವ್ವ ಮಡಿಕೆಯನ್ನು ಮುಟ್ಟಿ ನೋಡಿದಳು. ಏನೂ ಇರಲಿಲ್ಲ. ಆದರೂ ಹೋಗದೆ ನಿಂತಳು.

"ಇನ್ಮ್ಯಾಲೆ ಇಷ್ಟೇ ಕಣಮ್ಮ" ಎಂದ, ತಲೆ ಎತ್ತದೆ. "ಅವ್ರಿಬ್ರೂ ಕೂರಿಸ್ಕಂಡು ಕೇಳಿದ್ರು ನನ್ನ. ಇನ್ನೊಂದು ಸಲ ಜಾಸ್ತಿ ಕೊಟ್ರೆ ನನ್ನ ಮಗ್ಗದೋರನ್ನೆಲ್ಲ ಎಳ್ಕಂತಾರಂತೆ." ಆಮೇಲೆ ನನ್ನ ಕಡೆ ನೋಡಿದ. "ನಿನ್ನ ಮಗಳು ಚೆನ್ನಾಗಿ ಓದ್ತಾಳೆ ಬಿಡು."

ಮನೆ ಸೇರಿ ಎಲ್ಲ ಹೇಳಿ ಅತ್ತುಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಆಮೇಲೆ, ಓದಿದ ಬುದ್ಧಿ ಎಲ್ಲಿ ಹೋಗುತ್ತದೆ, ಉಪಾಯವನ್ನೂ ಹೇಳಿದೆ.

"ಬ್ಯಾರೆ ಅಂಗಡಿಗೆ ನೇಯಿ ಅವ್ವ. ನಿನ್ನಂಥ ಕೈ ಬೇಕು ಅಂದ್ರೆ ಅವ್ರೂ ಜಾಸ್ತಿ ಕೊಡ್ಲೇಬೇಕು."

ಅವ್ವ ರವಿಕೆ ಕಣವನ್ನು ಗೂಟಕ್ಕೆ ಹಾಕಿದಳು.

"ಯಾರು ಕೊಡ್ತಾರೆ? ಈಗ ಎಲ್ಲರಿಗೂ ಎಲ್ಲರದ್ದೂ ಗೊತ್ತೈತಲ್ಲ."

ಅಷ್ಟು ಹೇಳಿ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತಳು. ಬೈದಿದ್ದರೆ ಚೆನ್ನಾಗಿತ್ತು.