ಜುಲು ಗದೆ ಹೊಸ್ತಿಲು ದಾಟಿದ್ದು

ಆಫ್ರಿಕದ ಬುಡಕಟ್ಟುಗಳ ಮುಖವಾಡಗಳನ್ನೂ ಮರದ ತಲೆದಿಂಬುಗಳನ್ನೂ ನಾನು ಬಹುಕಾಲದಿಂದ ಸಂಗ್ರಹಿಸುತ್ತ ಬಂದವನು. ಕೊಳ್ಳೇಗಾಲದ ನಮ್ಮ ಮನೆಯ ಪಡಸಾಲೆಯಲ್ಲಿ ಅವಕ್ಕೆಲ್ಲ ಜಾಗ ಕೊಟ್ಟ ತಾಯಿಯವರು, ನಾನು ಜುಲು ಬುಡಕಟ್ಟಿನ ಹಳೆಯ ಗದೆಯೊಂದನ್ನು ಕೊಂಡು ತಂದಾಗ ಮಾತ್ರ ಹೊಸ್ತಿಲಲ್ಲೇ ತಡೆದರು. ಗುಂಡುತಲೆಯ, ಸೊಂಟದೆತ್ತರದ ಹಿಡಿಯ, ಒಂದೇ ಮರದಲ್ಲಿ ಕಡೆದ ಆಯುಧವದು.

"ಯಾರ ಪ್ರಾಣ ತೆಗೆದದೋ ಏನೋ, ದೇವರಿರೋ ಮನೆಯೊಳಕ್ಕೆ ಬ್ಯಾಡ ಕಣಪ್ಪ" ಎಂದರು.

ಹಿಂದಿರುಗಿಸಲು ಮನಸ್ಸಾಗದೆ ಹೊರಜಗಲಿಯ ಮೂಲೆಯಲ್ಲಿಟ್ಟೆ.

ಕೆಲವು ದಿನಗಳ ಬಳಿಕ, ಕಾಡಂಚಿನ ಹೂಗ್ಯಂ ಊರಿನಿಂದ ನಮಗೆ ಜೇನು ತಂದುಕೊಡುತ್ತಿದ್ದ ವೃದ್ಧ ದನಗಾಹಿ ಅದನ್ನೆತ್ತಿ ತಿರುಗಿಸಿ ನೋಡಿದ.

"ಇದು ಒಡಿಯೋ ದೊಣ್ಣೆ ಅಂತ ಯಾರಂದ್ರು ಬುದ್ಧಿ? ತಲೆ ಮ್ಯಾಲೆ ಒಂದು ಗಾಯ ಇಲ್ಲ. ಬುಡ ನೋಡಿ, ನೆಲಕ್ಕೆ ಊರಿ ಊರಿ ಓರೆಯಾಗಿ ಸವೆದದೆ. ಯಾರೋ ನಮ್ಮಂಗೇ ದನದ ಇಂದೆ ತಿರುಗ್ದೋನ್ದು. ಇಷ್ಟೆಲ್ಲ ಓದಿದೋರ್ಗೆ ಇದು ಕಾಣ್ಲಿಲ್ವಾ?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಾಯಿಯವರು ನಕ್ಕರು.

"ಅವನ್ಗೆಲ್ಲಿ ಕಾಣ್ತದೆ! ಕೊಡಪ್ಪ ಇತ್ಲಾಗೆ."

ಗದೆಯ ಗುಂಡುತಲೆಯನ್ನು ಅಂಗೈಯಲ್ಲಿ ಹಿಡಿದು, ಅದನ್ನೇ ಊರಿಕೊಂಡು ಅವರು ಒಳಕ್ಕೆ ನಡೆದರು. ಕೊನೆಯವರೆಗೂ ಪೂಜೆಗೆ ಹೂ ಬಿಡಿಸಲು ಹಿತ್ತಿಲಿಗೆ ಹೋಗುವಾಗ ಅವರ ಕೈಯಲ್ಲಿ ಅದೇ ಇರುತ್ತಿತ್ತು. ಸಂಗ್ರಾಹಕನಾದವನು ಪ್ರಾಚೀನ ವಸ್ತುವನ್ನು ಹಾಗೆ ಸವೆಯಲು ಬಿಡಬಾರದು. ನಾನು ಒಂದು ದಿನವೂ ಬೇಡವೆನ್ನಲಿಲ್ಲ.